ನೈಟ್ರಸ್ ಆಕ್ಸೈಡ್ ಕೊಡುವಾಗ ನಾನು ಪಾಲಿಸುವ ಕ್ರಮ

ಗದಗ-ಬೆಟಗೇರಿಯಲ್ಲಿ ಹಲ್ಲಿನ ದವಾಖಾನೆ ನಡೆಸುವ ನಾನು, ರೋಗಿಯ ಅಂಜಿಕೆ ಕಳೆಯಲು ಆಮ್ಲಜನಕದೊಂದಿಗೆ ಬೆರೆಸಿ ಮೂಗಿನ ಮಾಸ್ಕಿನಿಂದ ಕೊಡುವ ನೈಟ್ರಸ್ ಆಕ್ಸೈಡ್ ಅನಿಲದ ಯಂತ್ರವನ್ನು ತರಿಸಿದ್ದು ಮುಖ್ಯವಾಗಿ ಮಕ್ಕಳಿಗಾಗಿ. ಸೂಜಿ ಕಂಡೊಡನೆ ಕುರ್ಚಿಯಿಂದ ಇಳಿದು ಓಡುವ ಮಗುವನ್ನು ಹೆತ್ತವರು ಹಿಡಿದುಕೊಳ್ಳುವುದು, ನಾನು ಬಲವಂತವಾಗಿ ಬಾಯಿ ತೆರೆಸುವುದು ಸಾಕೆನಿಸಿತ್ತು. ತರಬೇತಿ ಮುಗಿಸಿ ಬಂದ ಹೊಸದರಲ್ಲಿ, ಸುರಕ್ಷತೆಯನ್ನೆಲ್ಲ ಯಂತ್ರವೇ ನೋಡಿಕೊಳ್ಳುತ್ತದೆ ಎಂಬ ಧೈರ್ಯ ನನಗಿತ್ತು. ಆಮ್ಲಜನಕದ ಪ್ರಮಾಣ ಶೇಕಡಾ 30ಕ್ಕಿಂತ ಕೆಳಗೆ ಇಳಿಯದಂತೆ ಅದರಲ್ಲಿ ತಡೆ ಇದೆ. ಆಮ್ಲಜನಕದ ಒತ್ತಡ ತಪ್ಪಿದರೆ ನೈಟ್ರಸ್ ತಾನಾಗಿ ನಿಲ್ಲುತ್ತದೆ. ಬಿಳಿ ಹೆಗಲಿನ ಕಪ್ಪು ಆಮ್ಲಜನಕ ಸಿಲಿಂಡರಿನ ಜಾಗದಲ್ಲಿ ನೀಲಿ ಬಣ್ಣದ ನೈಟ್ರಸ್ ಸಿಲಿಂಡರು ಕೂರದಂತೆ ಪಿನ್ನುಗಳ ಸ್ಥಾನವೇ ಬೇರೆ ಇದೆ. ಆದರೆ ನೈಟ್ರಸ್ ನಿಲ್ಲಿಸುವ ತಡೆಗೆ ತಿಳಿಯುವುದು ಒತ್ತಡ ಮಾತ್ರ, ಕೊಳವೆಯಲ್ಲಿ ಬರುತ್ತಿರುವುದು ಯಾವ ಅನಿಲ ಎಂಬುದಲ್ಲ. ಆದುದರಿಂದ ಪ್ರತಿದಿನ ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನ ಎರಡೂ ಅನಿಲಗಳನ್ನು ಹರಿಯಬಿಟ್ಟು, ಆಮ್ಲಜನಕವನ್ನು ಮುಚ್ಚಿ, ಹರಿವು ತೋರಿಸುವ ಗಾಜಿನ ಕೊಳವೆಯಲ್ಲಿ ನೈಟ್ರಸ್ ಕಡೆಯ ಗುಂಡು ತಳಕ್ಕೆ ಬೀಳುವುದನ್ನು ಕಣ್ಣಾರೆ ನೋಡುತ್ತೇನೆ. ರಬ್ಬರ್ ಚೀಲವನ್ನು ತುಂಬಿಸಿ ಹಿಂಡಿ, ಎಲ್ಲಾದರೂ ಸೋರುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತೇನೆ.

ಒತ್ತಡ ತೋರಿಸುವ ಸಿಲಿಂಡರಿನ ಗೇಜು ನನ್ನನ್ನು ಒಮ್ಮೆ ಮೋಸಗೊಳಿಸಿದೆ. ಆಮ್ಲಜನಕ ಸಿಲಿಂಡರಿನಲ್ಲಿ ಅನಿಲವಾಗಿಯೇ ಇರುವುದರಿಂದ ಖರ್ಚಾದಂತೆಲ್ಲ ಮುಳ್ಳು ಇಳಿಯುತ್ತ ಬರುತ್ತದೆ. ನೈಟ್ರಸ್ ದ್ರವರೂಪದಲ್ಲಿರುತ್ತದೆ, ದ್ರವ ಉಳಿದಿರುವ ತನಕ ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ನಿಂತು, ದ್ರವ ತೀರಿದ ಮೇಲೆ ಸರಸರನೆ ಬೀಳುತ್ತದೆ. ಗೇಜನ್ನು ನಂಬಿ ಕೆಲಸಕ್ಕೆ ಕುಳಿತ ಒಂದು ಮಧ್ಯಾಹ್ನ ದವಡೆ ಹಲ್ಲಿನ ಚಿಕಿತ್ಸೆಯ ನಡುವೆಯೇ ಅನಿಲ ಮುಗಿದುಹೋಯಿತು. ಅಂದಿನಿಂದ ಸಿಲಿಂಡರನ್ನು ತೂಕಕ್ಕೆ ಹಾಕಿ, ಮೈಮೇಲೆ ಒತ್ತಿರುವ ಖಾಲಿ ತೂಕವನ್ನು ಕಳೆದು, ಉಳಿದದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ. ನಮ್ಮ ಕಡೆಯ ಬೇಸಿಗೆಯ ಮಾತೂ ಇಲ್ಲಿ ಬರುತ್ತದೆ. ನೈಟ್ರಸ್ 36.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ದ್ರವವಾಗಿ ಉಳಿಯುವುದೇ ಇಲ್ಲ, ಸಿಲಿಂಡರಿನೊಳಗಿನ ಒತ್ತಡ ಏರುತ್ತದೆ. ಏಪ್ರಿಲ್‌ನ ಗದಗದ ಬಿಸಿಲಿಗೆ ಅದೇನು ದೊಡ್ಡ ಅಂಕಿಯಲ್ಲ. ಹೀಗಾಗಿ ಸಿಲಿಂಡರುಗಳನ್ನು ತಗಡಿನ ಮಾಡಿನ ಕೋಣೆಯಿಂದ ತೆಗೆದು ತಂಪಾದ ಒಳಕೋಣೆಗೆ ಸಾಗಿಸಿ, ಗೋಡೆಗೆ ಸರಪಳಿಯಿಂದ ಬಿಗಿದಿದ್ದೇನೆ.

ರೋಗಿಯನ್ನು ಕೂರಿಸುವ ಮುನ್ನ ಕೇಳುವ ಪ್ರಶ್ನೆಗಳಲ್ಲಿ ನಾನು ಅವಸರ ಮಾಡುವುದಿಲ್ಲ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಮೂಗಿನ ಮಾಸ್ಕ್ ಕೆಲಸಕ್ಕೆ ಬಾರದು, ಅಂಥವರಿಗೆ ಮುಂದಿನ ವಾರ ಬರಹೇಳುತ್ತೇನೆ. ಇತ್ತೀಚೆಗೆ ಕಿವಿಯ ಶಸ್ತ್ರಚಿಕಿತ್ಸೆ ಆಗಿದೆಯೇ, ಕಣ್ಣಿನ ಪರದೆಯ ಚಿಕಿತ್ಸೆಯಲ್ಲಿ ಒಳಗೆ ಅನಿಲ ತುಂಬಿದ್ದಾರೆಯೇ, ಶ್ವಾಸಕೋಶದ ತೀವ್ರ ಕಾಯಿಲೆ ಇದೆಯೇ ಎಂದು ವಿಚಾರಿಸುತ್ತೇನೆ. ದೇಹದಲ್ಲಿ ಗಾಳಿ ಸಿಕ್ಕಿಕೊಂಡಿರುವ ಜಾಗಕ್ಕೆ ನೈಟ್ರಸ್ ನುಗ್ಗಿ ಅದನ್ನು ಹಿಗ್ಗಿಸುತ್ತದೆ. ಗರ್ಭಿಣಿಯರಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಕೊಡುವುದಿಲ್ಲ. ಬಿ12 ಜೀವಸತ್ವದ ವಿಷಯವನ್ನು ನಾನು ಬಹಳ ದಿನ ಹಗುರವಾಗಿ ತೆಗೆದುಕೊಂಡಿದ್ದೆ. ನೈಟ್ರಸ್ ಈ ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಮೊದಲೇ ಕೊರತೆ ಇದ್ದವರಲ್ಲಿ ನರಗಳಿಗೆ ಪೆಟ್ಟಾಗಬಹುದು. ತಲೆಮಾರುಗಳಿಂದ ಸಸ್ಯಾಹಾರಿಗಳಾದ ಮನೆಗಳೇ ಹೆಚ್ಚಿರುವ ಊರಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಲಕ್ಷ್ಮೇಶ್ವರದ ಕಡೆಯ ಹಿರಿಯ ತಾಯಿಯೊಬ್ಬರು ಮಾತಿನ ನಡುವೆ, "ಅಂಗಾಲು ಹತ್ತಿ ಮ್ಯಾಲ ಇಟ್ಟಂಗ ಅನಸ್ತಾವ್ರೀ" ಎಂದರು. ಅದು ಆ ಕೊರತೆಯ ಸೂಚನೆಯಿರಬಹುದೆಂದು ಅವರಿಗೆ ಅನಿಲ ಕೊಡದೆ, ರಕ್ತಪರೀಕ್ಷೆ ಮಾಡಿಸಿಕೊಳ್ಳುವಂತೆ ಹೇಳಿ ವೈದ್ಯರ ಬಳಿ ಕಳಿಸಿದೆ.

ಕೊಡುವ ಕ್ರಮವನ್ನು ಒಬ್ಬ ಬಾಲಕಿಯ ಉದಾಹರಣೆಯಿಂದಲೇ ಹೇಳುತ್ತೇನೆ. ನೇಕಾರರ ಮನೆಯ ಎಂಟು ವರ್ಷದ ಹುಡುಗಿ. ಬರುವ ಎರಡು ಗಂಟೆ ಮೊದಲು ಅರ್ಧ ಇಡ್ಲಿ ತಿಂದಿದ್ದಳು. ಮೊದಲು ಮಾಸ್ಕನ್ನು ಅವಳ ಕೈಗೇ ಕೊಟ್ಟೆ. ಅವಳೇ ಮೂಗಿಗೆ ಹಿಡಿದುಕೊಂಡ ಮೇಲೆ ನಿಮಿಷಕ್ಕೆ 4 ಲೀಟರಿನಂತೆ ಬರೀ ಆಮ್ಲಜನಕ ಬಿಟ್ಟು, ಚೀಲ ಉಸಿರಿಗೆ ತಕ್ಕಂತೆ ಉಬ್ಬಿ ಕುಗ್ಗುವುದನ್ನು ನೋಡಿದೆ. ಚೀಲ ಚಪ್ಪಟೆಯಾದರೆ ಹರಿವು ಸಾಲದು, ಬಿಗಿದು ನಿಂತರೆ ಹೆಚ್ಚಾಗಿದೆ ಎಂದರ್ಥ. ನಂತರ ನೈಟ್ರಸ್ ಶೇಕಡಾ 10, ಒಂದು ನಿಮಿಷ ಕಾದು 20, ಅಲ್ಲಿಂದ ಮುಂದೆ 5ರಂತೆ ಮಾತ್ರ. "ತಂಗಿ, ಕಾಲಬೆರಳು ಹೆಂಗ ಅನಸ್ತಾವ?" ಎಂದು ಕೇಳುತ್ತಲೇ ಇದ್ದೆ. ಶೇಕಡಾ 30 ಮುಟ್ಟಿದಾಗ, "ಜುಮು ಜುಮು ಅನ್ನಾಕತ್ತಾವ್ರೀ" ಎಂದಳು; ಮುಷ್ಟಿ ಸಡಿಲಿತು, ಹೆಗಲು ಕೆಳಗಿಳಿಯಿತು. ಅಲ್ಲಿಗೆ ನಿಲ್ಲಿಸಿದೆ. ಇದು ಅರಿವಳಿಕೆಯಲ್ಲ, ಅಂಜಿಕೆ ಕಳೆಯುವ ಉಪಾಯವಷ್ಟೆ; ಒಸಡಿಗೆ ಮರಗಟ್ಟಿಸುವ ಚುಚ್ಚುಮದ್ದನ್ನು ಆಮೇಲೂ ಕೊಡಲೇಬೇಕು, ಕೊಟ್ಟೆ. ಬಾಯಿ ತೆರೆದಿಡಲು ಆಧಾರದ ತುಂಡನ್ನು ನಾನು ಇಡುವುದಿಲ್ಲ. ರೋಗಿಯ ಬಾಯಿ ತಾನಾಗಿ ಮುಚ್ಚತೊಡಗಿತೆಂದರೆ ಪ್ರಮಾಣ ಹೆಚ್ಚಾಯಿತೆಂಬ ಮೊದಲ ಸೂಚನೆ ಅದೇ; ತುಂಡಿಟ್ಟರೆ ಆ ಸೂಚನೆ ಕಾಣದಂತಾಗುತ್ತದೆ. ಬೆವರು, ವಾಕರಿಕೆ, ತಡೆಯಿಲ್ಲದ ನಗು, ಕೇಳಿದ್ದಕ್ಕೆ ಉತ್ತರ ಬಾರದಿರುವುದು ಇವೂ ಅದೇ ಜಾತಿಯವು. ಬೆರಳಿಗೆ ಹಾಕಿದ ಆಕ್ಸಿಮೀಟರಿಗಿಂತ ಮುಂಚೆ ಮುಖವೇ ತಿಳಿಸುತ್ತದೆ.

ನನ್ನ ತಪ್ಪು ನಡೆದದ್ದು ಕೊನೆಯ ಹಂತದಲ್ಲಿ. ಹದಿನಾರರ ಹುಡುಗನ ಹಲ್ಲು ಕಿತ್ತು ಮುಗಿಸುವಾಗ ಅವನ ತಂದೆ ಬಾಗಿಲಲ್ಲಿ ನಿಂತು, "ಡಾಕ್ಟ್ರ, ನರೇಗಲ್ಲಿನ ಬಸ್ಸು ಹೋಗತೈತ್ರಿ" ಎಂದು ಎರಡು ಸಲ ಹೇಳಿದರು. ಎರಡು ನಿಮಿಷ ಆಮ್ಲಜನಕ ಕೊಟ್ಟು ಎಬ್ಬಿಸಿದೆ. ಹೊರಗಿನ ಬೆಂಚು ಮುಟ್ಟುವುದರೊಳಗೆ ಹುಡುಗ ಬಿಳಿಚಿಕೊಂಡು, ತಲೆ ಸಿಡಿಯುತ್ತಿದೆ ಎನ್ನುತ್ತಲೇ ವಾಂತಿ ಮಾಡಿಕೊಂಡ. ಅನಿಲ ನಿಲ್ಲಿಸಿದೊಡನೆ ರಕ್ತದಲ್ಲಿದ್ದ ನೈಟ್ರಸ್ ಒಮ್ಮೆಲೇ ಶ್ವಾಸಕೋಶಕ್ಕೆ ಮರಳಿ ಅಲ್ಲಿನ ಆಮ್ಲಜನಕವನ್ನು ತೆಳುವಾಗಿಸುತ್ತದೆ. ಅದಕ್ಕೆಂದೇ ಕನಿಷ್ಠ 5 ನಿಮಿಷ ಶುದ್ಧ ಆಮ್ಲಜನಕ ಕೊಡಬೇಕೆಂಬ ನಿಯಮವಿದೆ. ಮತ್ತೆ ಮಲಗಿಸಿ ಆಮ್ಲಜನಕ ಕೊಟ್ಟ ಮೇಲೆ ಹುಡುಗ ಚೇತರಿಸಿಕೊಂಡ. ಬಸ್ಸು ಹೇಗೂ ಹೋಗಿತ್ತು. ಈಗ ಗೋಡೆ ಗಡಿಯಾರ ನೋಡಿ 5 ನಿಮಿಷ ಎಣಿಸುವ ಕೆಲಸ ನನ್ನದಲ್ಲ, ಸಹಾಯಕಿಯದು. ಅವಳು ಒಪ್ಪದೆ ನಾನೂ ಎಬ್ಬಿಸುವಂತಿಲ್ಲ. ಈ ಅನಿಲದ ಅಮಲಿನಲ್ಲಿ ಕೆಲವರಿಗೆ ಇಲ್ಲದ್ದು ಕಂಡಂತಾಗುವುದೂ ಉಂಟು, ಹಾಗಾಗಿ ಸಾಕ್ಷಿಯಾಗಿ ಅವಳಿಲ್ಲದೆ ಯಾರಿಗೂ ಕೊಡುವುದಿಲ್ಲ.

ಅವಳ ಉಸಿರಿನ ಹೊಣೆಯೂ ನನ್ನದೇ. ರೋಗಿ ಹೊರಬಿಟ್ಟ ಅನಿಲ ಕೋಣೆಯಲ್ಲಿ ಉಳಿದರೆ ದಿನವೂ ಸೇವಿಸುವವರು ನಾವಿಬ್ಬರು. ಹೀರುವ ವ್ಯವಸ್ಥೆಯಿಲ್ಲದ ಕೋಣೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಗರ್ಭಧಾರಣೆಗೆ ಅದು ಅಡ್ಡಿಯಾಗಬಲ್ಲದು. ಮಾಸ್ಕಿನ ಸುತ್ತಲ ಅನಿಲವನ್ನು ನಿಮಿಷಕ್ಕೆ 45 ಲೀಟರಿನಂತೆ ಎಳೆದು ಕಟ್ಟಡದ ಹೊರಗೆ ಬಿಡುವ ಕೊಳವೆ ಜೋಡಿಸಿದ್ದೇನೆ, ಚಿಕಿತ್ಸೆಯ ನಡುವೆ ರೋಗಿಯನ್ನು ಬಾಯಿಂದ ಹೆಚ್ಚು ಮಾತಾಡಿಸದೆ ಕೈಸನ್ನೆಯಲ್ಲಿ ಉತ್ತರಿಸಲು ಕಲಿಸುತ್ತೇನೆ. ಕರೆಂಟು ಹೋದರೆ ಯಂತ್ರ ನಿಲ್ಲುವುದಿಲ್ಲ, ಎಳೆಯುವ ಪಂಪು ನಿಲ್ಲುತ್ತದೆ. ಆಗ ನೈಟ್ರಸ್ ಮುಚ್ಚಿ, ಬರೀ ಆಮ್ಲಜನಕ ಬಿಟ್ಟು, ಕಿಟಕಿ ತೆರೆದು, ಕರೆಂಟು ಬರುವ ತನಕ ಕೈಕಟ್ಟಿ ಕೂರುತ್ತೇವೆ.