ಕೇಬಲ್ ಆರಿಸುವ ಮೊದಲು ನಾನು ನೋಡುವುದು ಅದರ ಎರಡು ತುದಿ

ಹೊಸದಾಗಿ ಸ್ಟೀರಿಯೊ ಕೊಂಡವರು "ಯಾವ ಕೇಬಲ್ ತಗೊಳ್ಳಲಿ?" ಎಂದು ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಈ ತುದಿಯಲ್ಲಿ ಯಾವ ಪೆಟ್ಟಿಗೆ ಇದೆ, ಆ ತುದಿಯಲ್ಲಿ ಯಾವುದಿದೆ? ಇಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು. ಅಂಗಡಿಯಲ್ಲಿ ಕೇಬಲ್ ಒಂದನ್ನೇ ಕೈಯಲ್ಲಿ ಹಿಡಿದು, ಅದರ ದಪ್ಪ, ಬಣ್ಣ, ಪ್ಯಾಕೆಟ್ ನೋಡಿದರೆ ಏನೂ ತಿಳಿಯುವುದಿಲ್ಲ.

ಮಂಗಳೂರಿನ ನಮ್ಮ ಮನೆಯಲ್ಲಿರುವುದು ದೊಡ್ಡ ಸೆಟ್ ಏನಲ್ಲ. ಆಡಿಯೊ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ (ಸೂಜಿ ಇರುವ ಭಾಗ) ಹಾಕಿದ, ಎಲ್‌ಪಿ ನುಡಿಸುವ ಒಂದು ಟರ್ನ್‌ಟೇಬಲ್, ಅದರ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡಲು ಒಂದು ಫೋನೊ ಪ್ರೀಆಂಪ್, ಸಿಡಿ ಪ್ಲೇಯರ್, ಟಿವಿ ಮತ್ತು ಲ್ಯಾಪ್‌ಟಾಪ್‌ಗಾಗಿ ಒಂದು ಡಿಎಸಿ (ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಪೆಟ್ಟಿಗೆ), ಎಲ್ಲವೂ ಬಂದು ಸೇರುವ ಆಂಪ್ಲಿಫೈಯರ್. ಆಮೇಲೆ ಒಂದು ಸಬ್‌ವೂಫರ್ ಬಂತು. ಹೆಚ್ಚಿನ ಕಡೆ ಇರುವುದು ಒಂದೇ ಥರದ, ನಡುವೆ ಪಿನ್, ಸುತ್ತ ಲೋಹದ ಉಂಗುರ ಇರುವ ಆರ್‌ಸಿಎ ಪ್ಲಗ್. ಹಾಗಿದ್ದರೂ ಪ್ರತಿ ಜೋಡಣೆಗೂ ಬೇರೆ ಬೇರೆ ಲೆಕ್ಕ ಹಾಕಬೇಕಾಯಿತು.

ಸುಲಭದ್ದನ್ನು ಮೊದಲು ಹೇಳಿಬಿಡುತ್ತೇನೆ. ಸಿಡಿ ಪ್ಲೇಯರ್ ಗಟ್ಟಿ ದನಿಯ ಜಾಗದಲ್ಲಿ ಸುಮಾರು 2 ವೋಲ್ಟ್ ಕೊಡುತ್ತದೆ. ಅದರ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆ, ಕೆಲವು ನೂರು ಓಮ್. ಆಂಪ್ಲಿಫೈಯರ್‌ನ ಇನ್‌ಪುಟ್ ಹತ್ತಾರು ಸಾವಿರ ಓಮ್. ಇಂಥ ಜೋಡಿಯ ನಡುವೆ ಕೇಬಲ್‌ಗೆ ಹಾಳು ಮಾಡಲು ಹೆಚ್ಚಿಗೆ ಏನೂ ಇರುವುದಿಲ್ಲ. ಕೇಬಲ್‌ನ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಸ್ವಲ್ಪ ಹಿಡಿದಿಡುವ ಗುಣ, ಪಿಕೋಫ್ಯಾರಡ್‌ನಲ್ಲಿ ಅಳೆಯುತ್ತಾರೆ) ಮೇಲಿನ ಸ್ವರಗಳನ್ನು ತಿನ್ನುತ್ತದೆ ಎನ್ನುವುದು ನಿಜ. ಆದರೆ ಎಲ್ಲಿಂದ? 300 ಓಮ್ ಔಟ್‌ಪುಟ್, 100 ಪಿಕೋಫ್ಯಾರಡ್‌ನ ಒಂದು ಮೀಟರ್ ಕೇಬಲ್ ಎಂದು ಲೆಕ್ಕ ಹಾಕಿದರೆ, 3 ಡೆಸಿಬಲ್ ಇಳಿಯುವುದು 53 ಲಕ್ಷ ಹರ್ಟ್ಸ್ ಹತ್ತಿರ. ನಮ್ಮ ಕಿವಿಯ ಮಿತಿ 20 ಸಾವಿರ.

ಲೆಕ್ಕ ಹಾಕಿ ಸುಮ್ಮನಿರಲು ಮನಸ್ಸಾಗಲಿಲ್ಲ. ಲ್ಯಾಪ್‌ಟಾಪ್‌ಗೆ ಒಂದು ಆಡಿಯೊ ಇಂಟರ್‌ಫೇಸ್ ಜೋಡಿಸಿ, ಅದರ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಒಂದೊಂದೇ ಕೇಬಲ್ ಹಾಕಿದೆ. ರೂಮ್ ಇಕ್ಯೂ ವಿಜಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ 20ರಿಂದ 20,000 ಹರ್ಟ್ಸ್‌ವರೆಗೆ ಯಾವ ಸ್ವರ ಎಷ್ಟು ಬಲವಾಗಿ ದಾಟುತ್ತದೆ ಎಂಬ ಗೆರೆ ಎಳೆಸಿದೆ. ಹಳೆ ಡಿವಿಡಿ ಪ್ಲೇಯರ್ ಜೊತೆ ಬಂದಿದ್ದ ತೆಳು ಕೇಬಲ್, ಗೆಳೆಯರಿಂದ ತಂದ ದುಬಾರಿ ಕೇಬಲ್, ನಾನೇ ಬೆಸುಗೆ ಹಾಕಿದ್ದು, ಮೂರರ ಗೆರೆಯೂ ಒಂದರ ಮೇಲೊಂದು ಕೂತವು. ಆಮೇಲೆ ತಮ್ಮನನ್ನು ಆಂಪ್ಲಿಫೈಯರ್ ಹಿಂದೆ ಕೂರಿಸಿ, ನನಗೆ ಕಾಣದ ಹಾಗೆ ಕೇಬಲ್ ಬದಲಿಸಲು ಹೇಳಿದೆ. "ಅಣ್ಣಾ, ಈಗ ಯಾವುದು ಹೇಳು" ಎಂದು ಅವನು ಕೇಳುತ್ತಿದ್ದ. ನನ್ನ ಉತ್ತರ ಸುಮ್ನೆ ನಾಣ್ಯ ಚಿಮ್ಮಿದಷ್ಟೇ ಸರಿ ಬಂತು. ಹಾಗಾಗಿ ಸಿಡಿ ಪ್ಲೇಯರ್‌ಗೆ, ಡಿಎಸಿಗೆ ನಾನು ಧ್ವನಿಗಾಗಿ ಕೇಬಲ್ ಹುಡುಕುವುದಿಲ್ಲ. ಗಟ್ಟಿಮುಟ್ಟಾಗಿ ಬಾಳಿಕೆ ಬರುವುದನ್ನು ಹುಡುಕುತ್ತೇನೆ.

ಒಂದು ಸಂದರ್ಭ ಮಾತ್ರ ಬೇರೆ. ಕೆಲವರು ಆಂಪ್ಲಿಫೈಯರ್‌ಗೆ ಮುಂಚೆ ಇರುವ ಪ್ರೀಆಂಪ್ (ಇದು ಫೋನೊ ಪ್ರೀಆಂಪ್ ಅಲ್ಲ) ಬದಲು ಬರೀ ವಾಲ್ಯೂಮ್ ಕಂಟ್ರೋಲ್ ಇರುವ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಅದರೊಳಗೆ 1 ಲಕ್ಷ ಓಮ್‌ನ ಪಾಟ್ (ತಿರುಗಿಸಿ ತಡೆ ಬದಲಿಸುವ ಭಾಗ) ಇದ್ದರೆ, ಒಂದು ಹಂತದಲ್ಲಿ ಔಟ್‌ಪುಟ್ ಇಂಪೀಡೆನ್ಸ್ 25 ಸಾವಿರ ಓಮ್‌ವರೆಗೂ ಏರುತ್ತದೆ. ಅಲ್ಲಿಂದ 300 ಪಿಕೋಫ್ಯಾರಡ್‌ನ ಉದ್ದ ಕೇಬಲ್ ಎಳೆದರೆ 21 ಸಾವಿರ ಹರ್ಟ್ಸ್‌ಗೇ 3 ಡೆಸಿಬಲ್ ಇಳಿದಿರುತ್ತದೆ. ಅಲ್ಲಿ ಅರ್ಧ ಮೀಟರ್‌ಗಿಂತ ಉದ್ದ ಬೇಡ.

ಇನ್ನು ಟರ್ನ್‌ಟೇಬಲ್. ನನ್ನ ಹೆಚ್ಚಿನ ಶ್ರಮ ಹೋಗಿದ್ದು ಇಲ್ಲಿಗೆ, ಮತ್ತು ಅದು ಸಾರ್ಥಕ ಎಂದು ಪ್ರತಿ ಸಲ ಎಲ್‌ಪಿ ಹಾಕಿದಾಗಲೂ ಅನಿಸುತ್ತದೆ. ವಿಎಂ95ಇ ಕಾರ್ಟ್ರಿಜ್ ಕೊಡುವುದು ಕೇವಲ 4 ಮಿಲಿವೋಲ್ಟ್. ಸಿಡಿ ಪ್ಲೇಯರ್‌ನ ಐನೂರನೇ ಒಂದು ಪಾಲು. ಕಾರ್ಟ್ರಿಜ್ ಒಳಗಿನ ಸುರುಳಿಯ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, 550 ಮಿಲಿಹೆನ್ರಿ. ಇದು ಕೇಬಲ್‌ನ ಕೆಪಾಸಿಟೆನ್ಸ್ ಜೊತೆ ಸೇರಿ ಒಂದು ಅನುರಣನ (ಒಂದು ಜಾಗದ ಸ್ವರ ಉಬ್ಬುವುದು) ಹುಟ್ಟಿಸುತ್ತದೆ, ಅದೂ ನಮ್ಮ ಕಿವಿಗೆ ಕೇಳುವ ಜಾಗದಲ್ಲೇ. ಅದಕ್ಕಾಗಿಯೇ ತಯಾರಕರು 47 ಸಾವಿರ ಓಮ್ ಲೋಡ್ (ಪ್ರೀಆಂಪ್‌ನ ಇನ್‌ಪುಟ್ ತಡೆ), 100ರಿಂದ 200 ಪಿಕೋಫ್ಯಾರಡ್ ಎಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಈ 200 ಅನ್ನೋದು ಕೇಬಲ್ ಒಂದಕ್ಕೇ ಸೇರಿದ್ದಲ್ಲ. ಕಾರ್ಟ್ರಿಜ್ ಹಿಡಿದಿರುವ ತೋಳಿನ (ಟೋನ್‌ಆರ್ಮ್) ಒಳಗಿನ ತಂತಿ, ಕೇಬಲ್, ಪ್ರೀಆಂಪ್‌ನ ಇನ್‌ಪುಟ್, ಮೂರೂ ಸೇರಿ ಅಷ್ಟು.

ನನ್ನ ಪ್ರೀಆಂಪ್‌ನ ಇನ್‌ಪುಟ್‌ನಲ್ಲೇ 100 ಪಿಕೋಫ್ಯಾರಡ್ ಇದೆ. ಟೋನ್‌ಆರ್ಮ್ ತಂತಿಗೆ 20-25 ಇಟ್ಟುಕೊಂಡೆ. ಮೊದಲಿಂದ ಇದ್ದ ಒಂದೂವರೆ ಮೀಟರ್ ಕೇಬಲನ್ನು ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್‌ಗೆ ಹಚ್ಚಿದರೆ 300 ತೋರಿಸಿತು. ಒಟ್ಟು 425. ಆಗ ಅನುರಣನ 10,400 ಹರ್ಟ್ಸ್ ಹತ್ತಿರ ಬೀಳುತ್ತದೆ. ಅದರ ಸುತ್ತಮುತ್ತ ಧ್ವನಿ ಉಬ್ಬುತ್ತದೆ, ಅದರ ಮೇಲೆ ಬೇಗ ಬಿದ್ದುಹೋಗುತ್ತದೆ. ಹಾಡುವವರ 'ಸ', 'ಶ' ಚುಚ್ಚುತ್ತಿದ್ದವು, ತಬಲಾ ಕಿನಾರಿನ ಪೆಟ್ಟು ಗಡುಸಾಗಿ ಕೇಳುತ್ತಿತ್ತು, ಆದರೆ ತಾಳದ ಝಲ್ ಅನ್ನುವ ಕೊನೆಯೇ ಇರಲಿಲ್ಲ. ನಾನು ಒಂದು ಮೀಟರಿಗೆ 67 ಪಿಕೋಫ್ಯಾರಡ್ ಇರುವ ಆರ್‌ಜಿ-59 ಕೋಆಕ್ಸಿಯಲ್ (ನಡುವೆ ಒಂದು ತಂತಿ, ಸುತ್ತ ಲೋಹದ ಜಾಲರಿ ಇರುವ) ತಂತಿಯಿಂದ ಸರಿಯಾಗಿ ಒಂದು ಮೀಟರ್ ಕೇಬಲ್ ಮಾಡಿ ಹಾಕಿದೆ. ಒಟ್ಟು 190ರ ಆಸುಪಾಸಿಗೆ ಬಂತು, ಅನುರಣನ 15,600ರ ಹತ್ತಿರ ಹೋಯಿತು, ಉಬ್ಬೂ ತಗ್ಗಿತು. ಈ ಬದಲಾವಣೆ ತಮ್ಮನಿಗೂ ಹೇಳಿಕೊಡದೆ ಗೊತ್ತಾಯಿತು. ಕೇಬಲ್‌ನಿಂದ ಧ್ವನಿ ಬದಲಾಗುತ್ತದೆಯೇ ಎಂಬ ವಾದದಲ್ಲಿ ಎರಡೂ ಕಡೆಯವರು ಈ ಒಂದು ಜಾಗವನ್ನು ಮರೆತುಬಿಡುತ್ತಾರೆ ಅನ್ನೋದು ನನಗೆ ಬೇಸರದ ವಿಷಯ. ಇಲ್ಲಿ ಖಂಡಿತ ಬದಲಾಗುತ್ತದೆ. ಕಾರಣವೂ ಗೊತ್ತು, ಅಳತೆಯೂ ಸಿಗುತ್ತದೆ, ಖರ್ಚೂ ಕಮ್ಮಿ.

ತಂತಿ ಕೊಳ್ಳಲು ನಾನು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಅಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಹೋಗುವಾಗ ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ, ಒಂದು ಬ್ಲೇಡ್ ಇರಲಿ. ನಡುವಿನ ತಂತಿ ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರ ಸವರಿದ ಉಕ್ಕು. ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಡಿಶ್ ಟಿವಿಗೆ ಎಳೆಯುವ ಎಷ್ಟೋ ತಂತಿಗಳಲ್ಲಿ ಹೊರಗಿನ ಜಾಲರಿ ಅಲ್ಯೂಮಿನಿಯಂ ಆಗಿರುತ್ತದೆ, ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ಜಾಲರಿ ತಾಮ್ರದ್ದೇ ಆಗಬೇಕು, ದಟ್ಟವಾಗಿರಬೇಕು.

ಜಾಲರಿಯ ಬಗ್ಗೆ ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ಆರ್‌ಸಿಎ ಕೇಬಲ್‌ನಲ್ಲಿ ಜಾಲರಿ ಬರೀ ರಕ್ಷಣೆಗೆ ಇರುವುದಲ್ಲ, ಸಿಗ್ನಲ್ ವಾಪಸ್ ಹೋಗುವ ದಾರಿಯೂ ಅದೇ. ಎರಡು ಪೆಟ್ಟಿಗೆಗಳ ನಡುವೆ ಕರೆಂಟಿನ ಸೋರಿಕೆ ಏನಾದರೂ ಇದ್ದರೆ ಅದೂ ಅದರಲ್ಲೇ ಹರಿಯುತ್ತದೆ. 1 ಮಿಲಿಆಂಪಿಯರ್ ಸೋರಿಕೆ ಅಂದುಕೊಳ್ಳಿ. ಜಾಲರಿಯ ರೆಸಿಸ್ಟೆನ್ಸ್ ಅರ್ಧ ಓಮ್ ಇದ್ದರೆ ಅರ್ಧ ಮಿಲಿವೋಲ್ಟ್ ಗುಂಯ್ ಸದ್ದು ಹಾಡಿನ ಜೊತೆ ಸೇರುತ್ತದೆ, ಅಂದರೆ 2 ವೋಲ್ಟ್‌ಗಿಂತ 72 ಡೆಸಿಬಲ್ ಕೆಳಗೆ. ರಾತ್ರಿ ಹೊತ್ತು ಇದು ಕೇಳಿಸಬಹುದು. ಅದೇ ರೆಸಿಸ್ಟೆನ್ಸ್ 0.02 ಓಮ್ ಇದ್ದರೆ 100 ಡೆಸಿಬಲ್ ಕೆಳಗೆ ಹೋಗುತ್ತದೆ, ಕೇಳಿಸುವ ಮಾತೇ ಇಲ್ಲ. ಒಂದು ಹೆಸರಿಲ್ಲದ ಕೇಬಲನ್ನು ಸೀಳಿ ನೋಡಿದಾಗ, ಬೆರಳಿನಷ್ಟು ದಪ್ಪ ರಬ್ಬರ್ ಒಳಗೆ ಕೂದಲಿನಂಥ ಕೆಲವೇ ಎಳೆಗಳ ಜಾಲರಿ ಇತ್ತು. ಹೊರಗಿನ ದಪ್ಪ ನಂಬಬೇಡಿ. ಮೀಟರ್‌ನಲ್ಲಿ ಪ್ಲಗ್‌ನ ಹೊರ ಉಂಗುರದಿಂದ ಇನ್ನೊಂದು ತುದಿಯ ಹೊರ ಉಂಗುರಕ್ಕೆ ಅಳೆಯಿರಿ. ಮೀಟರ್‌ನ ತಂತಿಗಳದ್ದೇ ಒಂದಿಷ್ಟು ರೆಸಿಸ್ಟೆನ್ಸ್ ಇರುತ್ತದೆ, ಮೊದಲು ಎರಡನ್ನೂ ಮುಟ್ಟಿಸಿ ಅದನ್ನು ಕಳೆಯಬೇಕು.

ಗುಂಯ್ ಸದ್ದಿನ ಎಲ್ಲ ತಪ್ಪನ್ನೂ ಕೇಬಲ್ ಮೇಲೆ ಹಾಕುವುದು ಅನ್ಯಾಯ. ನಮ್ಮ ಮನೆಯಲ್ಲಿ ಟಿವಿಯ ಆಡಿಯೊ ಆಂಪ್ಲಿಫೈಯರ್‌ಗೆ ಜೋಡಿಸಿದಾಗ ಸದ್ದು ಶುರುವಾಗಿತ್ತು. ಒಂದೊಂದೇ ತಂತಿ ಬಿಚ್ಚುತ್ತಾ ಹೋದೆ. ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಟಿವಿ ತಂತಿ ಕಳಚಿದ ಕೂಡಲೇ ನಿಂತಿತು. ಆ ತಂತಿ ಹೊರಗೆಲ್ಲೋ ಕಂಬದ ಬಳಿ ನೆಲಕ್ಕೆ ಸೇರಿರುತ್ತದೆ, ಆಂಪ್ಲಿಫೈಯರ್ ನಮ್ಮ ಮನೆಯ ಅರ್ತ್‌ಗೆ ಸೇರಿರುತ್ತದೆ. ಎರಡು ಅರ್ತ್‌ಗಳ ನಡುವಿನ ವ್ಯತ್ಯಾಸ ನಮ್ಮ ಆರ್‌ಸಿಎ ಜಾಲರಿಯಲ್ಲಿ ಓಡಾಡುತ್ತದೆ. ಇದಕ್ಕೆ ಎಷ್ಟು ಒಳ್ಳೆಯ ತಾಮ್ರ ತಂದರೂ ಪೂರ್ತಿ ಪರಿಹಾರ ಆಗದು. ಟಿವಿಯಿಂದ ಡಿಎಸಿಗೆ ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಹೋಗುವುದು ಬೆಳಕು. ಲೋಹದ ಸಂಪರ್ಕವೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಆಪ್ಟಿಕಲ್ ಇಲ್ಲದ ಕಡೆ ಲೋಹದ ಸಂಪರ್ಕವಿಲ್ಲದೆ ಸಿಗ್ನಲ್ ದಾಟಿಸುವ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಳಸಬಹುದು. ಆದರೆ ಸದ್ದು ನಿಲ್ಲುತ್ತದೆ ಎಂದು ಪವರ್ ಪ್ಲಗ್‌ನ ಅರ್ತ್ ಪಿನ್ ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಎಲ್ಲಾದರೂ ಶಾರ್ಟ್ ಆದರೆ ಲೋಹದ ಪೆಟ್ಟಿಗೆಯೇ ಶಾಕ್ ಹೊಡೆಯುತ್ತದೆ.

ಫೋನೊಗೆ ಈ ಕಾಟ ಇನ್ನೂ ಜಾಸ್ತಿ. ಎಲ್‌ಪಿಗಳಲ್ಲಿ ಕೆಳಗಿನ ಸ್ವರಗಳನ್ನು ತಗ್ಗಿಸಿ ಕೆತ್ತಿರುತ್ತಾರೆ, ಪ್ರೀಆಂಪ್ ಅವನ್ನು ಮತ್ತೆ ಎತ್ತಬೇಕು. ನಮ್ಮ ಕರೆಂಟಿನ 50 ಹರ್ಟ್ಸ್‌ನಲ್ಲಿ ಅದು 1000 ಹರ್ಟ್ಸ್‌ಗಿಂತ ಸುಮಾರು 17 ಡೆಸಿಬಲ್ ಜಾಸ್ತಿ ಎತ್ತುತ್ತದೆ. ಟರ್ನ್‌ಟೇಬಲ್‌ನಿಂದ ಬರುವ ಆ ತೆಳು ಅರ್ತ್ ತಂತಿಯನ್ನು ಪ್ರೀಆಂಪ್‌ನ ಸ್ಕ್ರೂಗೆ ಬಿಗಿಯಲೇಬೇಕು. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿ ಸದ್ದು ಇದೆಯಾ ಎಂದು ನೋಡಲು ಹೋದರೆ ತಂಬೂರಿಯ ನಾದದಲ್ಲಿ ಅದು ಅಡಗಿಬಿಡುತ್ತದೆ. ಸೂಜಿ ಎತ್ತಿ, ವಾಲ್ಯೂಮ್ ನೀವು ಹಾಡು ಕೇಳುವಷ್ಟೇ ಇಟ್ಟು ಕಿವಿಗೊಡಿ. ಗುಂಯ್ ಅನ್ನುವ ಮೃದು ಸದ್ದಾದರೆ ಅರ್ತ್ ಅಥವಾ ಪಕ್ಕದ ಟ್ರಾನ್ಸ್‌ಫಾರ್ಮರ್ ನೋಡಿ. ಜಿರ್ ಎನ್ನುವ ಒರಟು ಸದ್ದಾದರೆ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಆಫ್ ಮಾಡಿ ನೋಡಿ. ಕರೆಂಟ್ ಹೋದಾಗ ಮಾತ್ರ ಬರುವುದಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ಕೆಲಸ.

ಕರಾವಳಿಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಇಲ್ಲಿ ಉಪ್ಪಿನ ಗಾಳಿ, ಮೇಲೆ ತಿಂಗಳುಗಟ್ಟಲೆ ಮಳೆ. ಸಾದಾ ಪ್ಲಗ್‌ಗಳು ಮಂಕಾಗಿ, ಒಂದು ಕಡೆಯ ಸ್ಪೀಕರ್‌ನಲ್ಲಿ ಕರಕರ ಬರುತ್ತದೆ, ಕೆಲವೊಮ್ಮೆ ದನಿಯೇ ಹೋಗಿಬಿಡುತ್ತದೆ. ಕೇಬಲ್‌ನಲ್ಲಿ ಆಡಂಬರ ಎನಿಸುವ ಚಿನ್ನದ ಲೇಪಕ್ಕೆ ಇಲ್ಲಿ ಮಾತ್ರ ನಿಜವಾದ ಬೆಲೆ ಇದೆ. ಚಿನ್ನ ಧ್ವನಿಯನ್ನು ಚೆಂದ ಮಾಡುವುದಿಲ್ಲ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ ಅಷ್ಟೇ. ನಾನು ಹಾಕಿರುವುದು ರೀನ್ ಕಂಪನಿಯ ಎನ್‌ವೈಎಸ್373 ಪ್ಲಗ್. ತುಂಬಾ ದುಬಾರಿಯಲ್ಲ, ಲೇಪ ಚೆನ್ನಾಗಿದೆ, ಬಿಚ್ಚಿ ಮತ್ತೆ ಬೆಸುಗೆ ಹಾಕಬಹುದು. ಮಳೆಗಾಲ ಮುಗಿದ ಮೇಲೆ ಎಲ್ಲ ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಸ್ವಲ್ಪ ತಿರುಗಿಸುತ್ತಾ ಮತ್ತೆ ಹಾಕುತ್ತೇನೆ. ತಿರುಗಿಸಿ ಬಿಗಿಯುವ ಭಾರಿ ಪ್ಲಗ್‌ಗಳು ನನಗೆ ಹಿಡಿಸುವುದಿಲ್ಲ. ಅವು ಪೆಟ್ಟಿಗೆಯ ಹಿಂದಿನ ಸಾಕೆಟ್ಟನ್ನು ಹಿಡಿದು ಎಳೆಯುತ್ತವೆ, ಒಳಗಿನ ಬೋರ್ಡ್‌ನಲ್ಲಿ ಬೆಸುಗೆ ಬಿರುಕು ಬಿಡುತ್ತದೆ.

ಬೆಸುಗೆ ಕಷ್ಟವಲ್ಲ. 60/40 ಸೀಸದ ಸೋಲ್ಡರ್, ಚೂಪು ತುದಿಯ ಐರನ್, ಕಿಟಕಿ ತೆರೆದ ಕೋಣೆ ಸಾಕು. ಜಾಲರಿಯನ್ನು ಪ್ಲಗ್‌ಗೆ ಬೆಸೆಯುವಾಗ ಹೊತ್ತು ಮಾಡಬಾರದು, ಒಳಗಿನ ಪ್ಲಾಸ್ಟಿಕ್ ಕರಗಿ ನಡುವಿನ ತಂತಿ ಜಾಲರಿಗೆ ತಾಗುತ್ತದೆ. ಮುಗಿದ ಮೇಲೆ ನಡುವಿಂದ ಜಾಲರಿಗೆ ಮೀಟರ್ ಹಿಡಿದು, ಶಾರ್ಟ್ ಇಲ್ಲವೆಂದು ನೋಡಿಯೇ ಹಾಕಬೇಕು.

ಸಿಡಿ ಪ್ಲೇಯರ್‌ನ ಡಿಜಿಟಲ್ ಔಟ್‌ಪುಟ್ ಬಳಸುವುದಾದರೆ ಬೇಕಾಗುವುದು 75 ಓಮ್ ಕೇಬಲ್. ಹಳೆ ಟಿವಿಯ ಹಳದಿ ವೀಡಿಯೊ ಕೇಬಲ್ ಚೆನ್ನಾಗಿದ್ದರೆ ಅದೇ ಆಗುತ್ತದೆ, ಹೊಸದು ಬೇಡ.

ಕೊನೆಗೆ ಬಂದದ್ದು ಸಬ್‌ವೂಫರ್. ಅದು ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತಿದೆ, ಗೋಡೆಯ ಬುಡದಲ್ಲಿ 5 ಮೀಟರ್ ಎಳೆಯಬೇಕಾಯಿತು. ಫೋನೊಗೆ ಮಾಡಿದ ಲೆಕ್ಕ ಇಲ್ಲಿ ತಲೆಕೆಳಗು. ಕೆಪಾಸಿಟೆನ್ಸ್ ಎಷ್ಟಾದರೂ ಚಿಂತೆಯಿಲ್ಲ, ಯಾಕೆಂದರೆ ಅದು ನುಡಿಸುವುದೇ ಕೆಳಗಿನ ಸ್ವರ. ಆದರೆ ಅದಕ್ಕೆ ಅದರದೇ ಮೂರು ಪಿನ್ನಿನ ಪವರ್ ಪ್ಲಗ್ ಇದೆ, 50 ಹರ್ಟ್ಸ್ ಗುಂಯ್ ಸದ್ದನ್ನು ಅದು ಚೆನ್ನಾಗಿಯೇ ಕೇಳಿಸುತ್ತದೆ. ಆದ್ದರಿಂದ ದಟ್ಟ ತಾಮ್ರದ ಜಾಲರಿ ಇರುವ ಆರ್‌ಜಿ-6 ಕೋಆಕ್ಸಿಯಲ್ ತಂತಿ ತಂದೆ. ಅದು ಸುಮಾರು 7 ಮಿಲಿಮೀಟರ್ ದಪ್ಪ, ನನ್ನ ಮಾಮೂಲಿ ಪ್ಲಗ್‌ನೊಳಗೆ ಹೋಗುವುದಿಲ್ಲ, ದೊಡ್ಡ ಬಾಯಿಯ ಪ್ಲಗ್ ಬೇಕಾಯಿತು. ಪವರ್ ತಂತಿಗಳ ಜೊತೆ ಕಟ್ಟದೆ, ದಾಟಲೇಬೇಕಾದ ಕಡೆ ಅಡ್ಡಕ್ಕೆ ದಾಟಿಸಿದೆ. ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಟ್ಟೆ. ಈಗ ಕಿವಿಯನ್ನು ಸಬ್‌ವೂಫರ್‌ಗೆ ಹಚ್ಚಿದರೆ ಮಾತ್ರ ಸದ್ದು ತಿಳಿಯುತ್ತದೆ, ಒಂದು ಮಾರು ದೂರ ಬಂದರೆ ಇಲ್ಲ.