ಬಾಗಿಲು ತೆರೆಯುವ ಹೊತ್ತಿಗೆ: ಕ್ಯೋಟೋದ ಈಶಾನ್ಯ ಅಂಚು ಮತ್ತು ತೋನೋ ಕಾಡುದಾರಿ

ಜಪಾನಿನಲ್ಲಿ ಜನಜಂಗುಳಿ ಇಲ್ಲದ ದೇವಸ್ಥಾನ ಯಾವುದು ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ಎಷ್ಟು ಗಂಟೆಗೆ ಹೋಗುತ್ತೀರಿ ಎಂದು. ಒಂಬತ್ತಕ್ಕೆ ಬಾಗಿಲು ತೆರೆಯುವ ತೋಟ ಒಂಬತ್ತೂ ಐದಕ್ಕೆ ಒಂದು ಜಾಗ, ಹನ್ನೊಂದಕ್ಕೆ ಮತ್ತೊಂದು ಜಾಗ. ಹೆಸರು ಹೆಚ್ಚು ಕೇಳದ ದೇವಸ್ಥಾನವನ್ನು ಹುಡುಕುವುದು ಅರ್ಧ ಕೆಲಸ. ಯಾವುದನ್ನು ಮೊದಲು ನೋಡಬೇಕು, ಯಾವ ಕಡೆಯಿಂದ ನಡೆಯಬೇಕು, ಎಲ್ಲಿ ಕೂರಬೇಕು ಎನ್ನುವುದು ಉಳಿದರ್ಧ. ನಾನು ಮತ್ತೆ ಮತ್ತೆ ನಡೆಯುವ, ಮೊದಲ ಸಲ ಹೋಗುವವರಿಗೂ ಧೈರ್ಯವಾಗಿ ಹೇಳುವ ಎರಡು ದಾರಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಒಂದು ಕ್ಯೋಟೋ ನಗರದ ಈಶಾನ್ಯದಲ್ಲಿ, ಗುಡ್ಡದ ಬುಡದಲ್ಲಿದೆ. ಇನ್ನೊಂದು ನಾರಾ ನಗರದ ಮಗ್ಗುಲಲ್ಲೇ ಇದ್ದರೂ ಕ್ಯೋಟೋ ಪ್ರಾಂತ್ಯಕ್ಕೆ ಸೇರಿದ ತೋನೋ ಎಂಬ ಹಳ್ಳಿಗಳ ಸೀಮೆಯಲ್ಲಿದೆ.

ಮೊದಲು ಕಾಲದ ಮಾತು. ನವೆಂಬರಿನ ಕೊನೆಯ ಎರಡು ವಾರ, ಏಪ್ರಿಲಿನ ಮೊದಲ ವಾರ ಬೇಡವೇ ಬೇಡ. ಆಗ ಎಲೆಯ ಬಣ್ಣಕ್ಕೂ ಹೂವಿಗೂ ಊರೆಲ್ಲ ಬಂದಿರುತ್ತದೆ. ನನ್ನ ಆಯ್ಕೆ ಜೂನ್ ನಡುವಿನಿಂದ ಜುಲೈ ಮೊದಲ ಭಾಗದವರೆಗಿನ ಮಳೆಗಾಲ, ಇಲ್ಲವೇ ಜನವರಿ-ಫೆಬ್ರವರಿ. ಮಳೆ ಎಂದರೆ ಪ್ರವಾಸಿಗರು ಹಿಂಜರಿಯುತ್ತಾರೆ, ಆದರೆ ಹಾವಸೆಯ ತೋಟ ಜೀವ ತುಂಬಿಕೊಳ್ಳುವುದೇ ಆಗ. ಹಾವಸೆಗೆ ನೀರು ಹೀರುವ ನಿಜವಾದ ಬೇರಿಲ್ಲ, ಅದು ಎಲೆಯಿಂದಲೇ ಕುಡಿಯುತ್ತದೆ. ಒಣ ಬಿಸಿಲಿನಲ್ಲಿ ಮುದುಡಿ ಕಂದಾಗಿದ್ದದ್ದು ಒಂದು ಹದವಾದ ಮಳೆಯಾದರೆ ಕಣ್ಣೆದುರೇ ಬಿಚ್ಚಿಕೊಂಡು ಹಸಿರಾಗುತ್ತದೆ. ಆಗಸ್ಟಿನಲ್ಲಿ ಹೋಗಿ, ಚಿತ್ರದಲ್ಲಿದ್ದ ಹಸಿರೆಲ್ಲಿ ಎಂದು ಬೇಸರಪಡುವವರು ಬಹಳ. ಮಳೆಗಾಲದಲ್ಲಿ ಬಿದಿರ ಮೆಳೆಯ ಹತ್ತಿರ ಸೊಳ್ಳೆ ಕಾಟ ಇದ್ದೇ ಇದೆ. ಉದ್ದ ತೋಳಿನ ಅಂಗಿ ಹಾಕಿ, ಸೊಳ್ಳೆಯ ಎಣ್ಣೆಯನ್ನು ಬಾಗಿಲಾಚೆಯೇ ಹಚ್ಚಿಕೊಳ್ಳಿ.

ಚೀಲದಲ್ಲಿ ಇರಬೇಕಾದದ್ದು ಸ್ವಲ್ಪವೇ. ನೂರು ಮತ್ತು ಐನೂರು ಯೆನ್ ನಾಣ್ಯಗಳು ಬೇಕು. ಸಣ್ಣ ದೇವಸ್ಥಾನಗಳಲ್ಲಿ ಕಾರ್ಡು ನಡೆಯುವುದಿಲ್ಲ, ಪ್ರವೇಶಕ್ಕೆ ಹೆಚ್ಚಿನ ಕಡೆ 500ರಿಂದ 700 ಯೆನ್ ಆಗುತ್ತದೆ. ಬಗ್ಗದೆ ಕಳಚಬಹುದಾದ ಬೂಟು, ತೂತಿಲ್ಲದ ಕಾಲುಚೀಲ ಇರಲಿ. ಚಳಿಗಾಲವಾದರೆ ಇನ್ನೊಂದು ಜೊತೆ ಉಣ್ಣೆಯ ಕಾಲುಚೀಲ ಹೆಚ್ಚಿಗೆ ಬೇಕು. ಮರದ ನೆಲ ಮಂಜುಗಡ್ಡೆಯಂತೆ ಕೊರೆಯುತ್ತದೆ. ಕಾಲು ಮರಗಟ್ಟಿದರೆ ಯಾರೂ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೊರಡಿ. ಅಂಗಡಿಯ ಅನ್ನದುಂಡೆಗಳಲ್ಲಿ ಒಳಗಿನ ಹೂರಣ ತರಕಾರಿಯದೇ ಆದರೂ ಮೀನಿನ ರಸ ಬೆರೆತಿರುವುದು ಸಾಮಾನ್ಯ. ಬರೀ ಉಪ್ಪು ಹಾಕಿದ ‘ಶಿಯೋ ಮುಸುಬಿ’ ಎಂಬುದಾದರೆ ಅಷ್ಟರಮಟ್ಟಿಗೆ ನಂಬಬಹುದು.

ಈಶಾನ್ಯದ ದಾರಿಯನ್ನು ಹೋನೆನ್-ಇನ್‌ನಿಂದ ಶುರುಮಾಡುತ್ತೇನೆ. 1680ರಲ್ಲಿ ಕಟ್ಟಿದ ಈ ದೇವಸ್ಥಾನದ ಬಾಗಿಲು ಬೆಳಗಿನ ಆರಕ್ಕೇ ತೆರೆಯುತ್ತದೆ, ಪ್ರಾಂಗಣಕ್ಕೆ ಹಣವಿಲ್ಲ. ಹಾವಸೆ ಹಿಡಿದ ಹುಲ್ಲುಮಾಡಿನ ದಿಡ್ಡಿ ಬಾಗಿಲು ದಾಟಿ ಮೆಟ್ಟಿಲಿಳಿದರೆ ಎಡಕ್ಕೊಂದು ಬಲಕ್ಕೊಂದು ಬಿಳಿ ಮರಳಿನ ಚೌಕ ದಿಬ್ಬ. ಮೇಲ್ಮೈ ಸಮತಟ್ಟು, ಅದರ ಮೇಲೆ ನೀರಿನ ಸುಳಿಯೋ ಎಲೆಯೋ ಗೆರೆಗಳಲ್ಲಿ ಮೂಡಿರುತ್ತದೆ, ಕಾಲಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ಇವೆರಡರ ನಡುವೆ ಹಾದರೆ ನೀರಿನಲ್ಲಿ ಮಿಂದಂತೆ ಎಂಬುದು ಭಾವ. ಅಂಚು ಮುಟ್ಟಬೇಡಿ, ಒಂದು ಬೆರಳಿಗೂ ಮರಳು ಜರಿಯುತ್ತದೆ. ಒಳಗಿನ ಮಂದಿರವನ್ನು ವರ್ಷದಲ್ಲಿ ಏಪ್ರಿಲಿನಲ್ಲಿ ಒಂದು ವಾರ, ನವೆಂಬರಿನಲ್ಲಿ ಒಂದು ವಾರ ಮಾತ್ರ ತೆರೆಯುತ್ತಾರೆ. ಬೇರೆ ದಿನ ಹೋದವರು, ಬಾಗಿಲು ಹಾಕಿದೆಯಲ್ಲ ಎಂದು ವಾಪಸಾಗಬೇಕಾಗಿಲ್ಲ. ನೋಡಬೇಕಾದದ್ದು ಹೊರಗೇ ಇದೆ.

ಎಂಟೂಕಾಲಿನ ಹೊತ್ತಿಗೆ ಅಲ್ಲಿಂದ ಹೊರಟು ಗಿಂಕಾಕುಜಿ-ಮಿಚಿ ನಿಲ್ದಾಣಕ್ಕೆ ನಡೆಯಿರಿ, ಸುಮಾರು ಹದಿನೈದು ನಿಮಿಷ. ಉತ್ತರಕ್ಕೆ ಇವಾಕುರಾ ಕಡೆ ಹೋಗುವ 5ನೇ ನಂಬರಿನ ನಗರ ಬಸ್ಸು ಹಿಡಿದು ಇಚಿಜೋಜಿ-ಸಾಗರಿಮಾತ್ಸು-ಚೋದಲ್ಲಿ ಇಳಿಯಿರಿ. ಅದೇ ನಂಬರಿನ ಬಸ್ಸು ಎದುರು ದಿಕ್ಕಿನಲ್ಲಿ ಕ್ಯೋಟೋ ಸ್ಟೇಷನ್ನಿಗೆ ಹೋಗುತ್ತದೆ, ರಸ್ತೆಯ ಯಾವ ಬದಿ ಎಂದು ಗಮನಿಸಿ ಹತ್ತಿ. ಇಳಿದ ಮೇಲೆ ಪೂರ್ವಕ್ಕೆ, ಗುಡ್ಡದ ಕಡೆ ಏರುದಾರಿಯಲ್ಲಿ ಹತ್ತು ನಿಮಿಷದೊಳಗೆ ಶಿಸೆನ್‌ದೋ ಸಿಗುತ್ತದೆ. ನೇರವಾಗಿ ಬರುವವರಿಗೆ ದೆಮಾಚಿಯಾನಾಗಿಯಿಂದ ಏಯ್ಜಾನ್ ರೈಲಿನಲ್ಲಿ ಮೂರನೇ ನಿಲ್ದಾಣ ಇಚಿಜೋಜಿ, ಅಲ್ಲಿಂದ ನಡಿಗೆ ಹದಿನೈದು ನಿಮಿಷ.

ಶಿಸೆನ್‌ದೋ ಕಟ್ಟಿಸಿದವನು ಇಶಿಕಾವಾ ಜೋಜಾನ್. ಜಪಾನನ್ನು ಆಳಿದ ಸೇನಾನಾಯಕ ತೊಕುಗಾವಾ ಇಯೆಯಾಸುವಿನ ಕೆಳಗೆ ಯೋಧನಾಗಿದ್ದು, ಒಸಾಕಾ ಯುದ್ಧದ ಬಳಿಕ ಸೇವೆ ಬಿಟ್ಟು, ಕಾವ್ಯದ ಕಡೆ ಹೊರಳಿದವನು. 1641ರಲ್ಲಿ ಇಲ್ಲಿ ಮನೆ ಮಾಡಿ 1672ರವರೆಗೆ, ಕೊನೆಯುಸಿರಿನ ತನಕ ಬದುಕಿದ. ಚೀನಾದ ಮೂವತ್ತಾರು ಕವಿಗಳ ಚಿತ್ರಗಳಿರುವ ಕೋಣೆಯಿಂದಲೇ ‘ಕವಿ-ಋಷಿಗಳ ಮಂದಿರ’ ಎಂಬರ್ಥದ ಈ ಹೆಸರು. ಬಾಗಿಲು ಎಷ್ಟು ಚಿಕ್ಕದೆಂದರೆ ಪಕ್ಕದ ಮನೆಯದೆಂದುಕೊಂಡು ದಾಟಿಹೋಗುವವರಿದ್ದಾರೆ. ಒಂಬತ್ತಕ್ಕೆ ತೆರೆಯುತ್ತದೆ, ಮೇ 23ರಂದು ಮಾತ್ರ ರಜೆ.

ಒಳಹೊಕ್ಕವರೆಲ್ಲ ಜಗಲಿಯ ಅಂಚಿಗೆ ಓಡುತ್ತಾರೆ. ನಾನು ಒಂದು ಚಾಪೆಯಷ್ಟು ಹಿಂದೆ, ಕೋಣೆಯ ಒಳಗೇ ಕೂರುತ್ತೇನೆ. ಅಲ್ಲಿಂದ ಸೂರಿನ ಅಂಚು ಮೇಲಿನ ಆಕಾಶವನ್ನು ಕತ್ತರಿಸುತ್ತದೆ, ಕಂಬಗಳು ಎರಡು ಬದಿ ಕಟ್ಟಿಕೊಳ್ಳುತ್ತವೆ, ಮಧ್ಯೆ ಉಳಿಯುವುದು ಬಿಳಿ ಮರಳು, ಅದರಾಚೆ ದುಂಡಗೆ ಕತ್ತರಿಸಿದ ಅಜೇಲಿಯಾ ಪೊದೆಗಳು, ಅದರ ಹಿಂದೆ ಮರ. ಮುಂದಕ್ಕೆ ಬಂದಷ್ಟೂ ಈ ಚೌಕಟ್ಟು ಒಡೆಯುತ್ತದೆ. ಮೇ ಕೊನೆಯಿಂದ ಜೂನ್‌ವರೆಗೆ ಪೊದೆಗಳಲ್ಲಿ ಹೂ ಬರುತ್ತದೆ.

ಕೂತ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ‘ಟಕ್’ ಎಂದು ಒಂದು ಸದ್ದು ಕೇಳುತ್ತದೆ. ಅದು ‘ಶಿಶಿ-ಒದೋಶಿ’, ನಮ್ಮ ಹೊಲಗಳ ಬೆದರುಬೊಂಬೆಯ ಕೆಲಸವನ್ನು ಸದ್ದಿನಿಂದ ಮಾಡುವ ಸಾಧನ. ಒಂದು ತುದಿ ತೆರೆದ ಬಿದಿರಿನ ಕೊಳವೆಯನ್ನು ನಡುವೆ ಅಡ್ಡಕಡ್ಡಿಯ ಮೇಲೆ ಕೂರಿಸಿರುತ್ತಾರೆ. ತೆರೆದ ಬಾಯಿಗೆ ನೀರಿನ ಧಾರೆ ಬೀಳುತ್ತದೆ. ತುಂಬಿ ಭಾರವಾದಾಗ ಬಾಯಿ ಕೆಳಗೆ ವಾಲಿ ನೀರು ಸುರಿದುಹೋಗುತ್ತದೆ, ಹಗುರಾದ ಕೊಳವೆ ಹಿಂದಕ್ಕೆ ಬಿದ್ದು ಹಿಂಬದಿ ಕಲ್ಲಿಗೆ ಬಡಿಯುತ್ತದೆ. ಜಿಂಕೆ, ಹಂದಿಗಳನ್ನು ಓಡಿಸಲು ಇದ್ದದ್ದು ತೋಟದ ಅಂಗವಾಯಿತು. ಎರಡು ಬಡಿತಗಳ ನಡುವಿನ ಬಿಡುವು ನೀರಿನ ಧಾರೆ ದಪ್ಪವೋ ಸಣ್ಣವೋ ಎನ್ನುವುದರ ಮೇಲಿರುತ್ತದೆ. ಐದಾರು ಬಡಿತ ಕೇಳುವವರೆಗೆ ಏಳಬೇಡಿ. ಆ ಮೇಲೆ ಅಲ್ಲೇ ಇಟ್ಟಿರುವ ಚಪ್ಪಲಿ ಮೆಟ್ಟಿ ಕೆಳಗಿನ ತೋಟಕ್ಕೆ ಇಳಿಯಿರಿ. ಎಲ್ಲ ಸೇರಿ ಒಂದು ಗಂಟೆ.

ಉತ್ತರಕ್ಕೆ ಐದು ನಿಮಿಷ ನಡೆದರೆ ಎನ್ಕೋಜಿ ದೇವಸ್ಥಾನ. 1601ರಲ್ಲಿ ಇಯೆಯಾಸು ಫುಶಿಮಿಯಲ್ಲಿ ಪಾಠಶಾಲೆಯಾಗಿ ಸ್ಥಾಪಿಸಿದ್ದು, 1667ರಲ್ಲಿ ಇಲ್ಲಿಗೆ ಬಂತು. ಆಗ ಪುಸ್ತಕ ಅಚ್ಚುಹಾಕಲು ಬಳಸಿದ ಮರದ ಅಚ್ಚುಮೊಳೆಗಳು ಇನ್ನೂ ಇಲ್ಲಿವೆ. ಇಲ್ಲಿ ತಪ್ಪಿಸಿಕೊಳ್ಳಬಾರದ್ದು ‘ಸುಯಿಕಿನ್‌ಕುತ್ಸು’. ತಳಕ್ಕೆ ತೂತು ಕೊರೆದ ಮಡಕೆಯನ್ನು ಬೋರಲಾಗಿ ಮಣ್ಣಲ್ಲಿ ಹೂತಿರುತ್ತಾರೆ. ಮೇಲಿನಿಂದ ಜಿನುಗುವ ಹನಿ ಒಳಗೆ ನಿಂತ ನೀರಿಗೆ ಬಿದ್ದು, ಮಡಕೆಯ ಹೊಟ್ಟೆಯಲ್ಲಿ ತಂತಿ ಮೀಟಿದಂತೆ ಮೊಳಗುತ್ತದೆ. ಬಿದಿರ ಕೊಳವೆಗೆ ಕಿವಿಯಿಟ್ಟು ಕೇಳಬೇಕು. ಇಂಥವು ಬೇರೆ ತೋಟಗಳಲ್ಲೂ ಇವೆ. ಸೌಟಿನಿಂದ ನೀರು ಹಾಕುವ ಏರ್ಪಾಡಿದ್ದ ಕಡೆ ಒಂದೇ ಸೌಟನ್ನು ಕಲ್ಲುಗಳ ಮೇಲೆ ನಿಧಾನಕ್ಕೆ ಸುರಿದು ಕಾಯಿರಿ. ಗಡಿಬಿಡಿಯಲ್ಲಿ ಮೂರ್ನಾಲ್ಕು ಸೌಟು ಸುರಿದರೆ ಹನಿ ಧಾರೆಯಾಗುತ್ತದೆ, ನಾದ ಹೋಗಿ ಬರೀ ನೀರಿನ ಗುಳುಗುಳು ಉಳಿಯುತ್ತದೆ. ಹಿಂದಿನ ಬಿದಿರ ಮೆಳೆ ದಾಟಿ ಗುಡ್ಡ ಹತ್ತಿದರೆ ಊರು ಕಾಣುತ್ತದೆ. ಶರತ್ಕಾಲದಲ್ಲಿ ಮಾತ್ರ ಮುಂಗಡ ಕಾಯ್ದಿರಿಸಬೇಕು.

ಇನ್ನೂ ಶಕ್ತಿಯಿದ್ದರೆ ಮತ್ತೆ ಉತ್ತರಕ್ಕೆ ನಡೆದು ಮಾನ್ಶು-ಇನ್ ನೋಡಿ, ಶುಗಾಕುಯಿನ್ ರೈಲು ನಿಲ್ದಾಣಕ್ಕೆ ಇಳಿಯಬಹುದು. ಇಲ್ಲವಾದರೆ ಬಿಡಿ. ಅರ್ಧ ದಿನಕ್ಕೆ ಮೂರಕ್ಕಿಂತ ಹೆಚ್ಚು ಜಾಗ ತುರುಕಿದರೆ ಯಾವುದೂ ದಕ್ಕುವುದಿಲ್ಲ.

ನಡವಳಿಕೆಯಲ್ಲಿ ಎಡವುವುದು ಸಣ್ಣ ಸಣ್ಣ ಕಡೆ. ಬೆನ್ನಚೀಲವನ್ನು ಒಳಗೆ ಹೋಗುವಾಗ ಕೈಯಲ್ಲಿ ಹಿಡಿಯಿರಿ, ತಿರುಗಿದಾಗ ಕಾಗದದ ಜಾರುಬಾಗಿಲಿಗೆ ಉಜ್ಜಿ ಹರಿಯುತ್ತದೆ. ಹೊಸ್ತಿಲನ್ನೂ ಚಾಪೆಯ ಬಟ್ಟೆಯಂಚನ್ನೂ ತುಳಿಯದೆ ದಾಟಿ. ಹೊಸ್ತಿಲು ತುಳಿಯಬಾರದೆನ್ನುವುದು ನಮಗೇನೂ ಹೊಸದಲ್ಲ. ತೋಟದ ದಾರಿ ಕವಲೊಡೆಯುವಲ್ಲಿ ಮುಷ್ಟಿ ಗಾತ್ರದ ದುಂಡುಕಲ್ಲೊಂದನ್ನು ಕಪ್ಪು ಹಗ್ಗದಿಂದ ಅಡ್ಡ-ಉದ್ದ ಬಿಗಿದು, ಮೇಲೆ ಗಂಟಿನ ಹಿಡಿ ಬಿಟ್ಟು, ಮೆಟ್ಟುಗಲ್ಲಿನ ನಡುವೆ ಇಟ್ಟಿರುತ್ತಾರೆ. ಫಲಕವಿಲ್ಲ, ಬೇಲಿಯಿಲ್ಲ. ಈ ಕಡೆ ಬರಬೇಡಿ ಎಂದು ಅದರ ಅರ್ಥ. ಅಲಂಕಾರವೆಂದು ಬಗೆದು ದಾಟುವವರನ್ನೂ, ಫೋಟೋಗಾಗಿ ಎತ್ತಿ ನೋಡುವವರನ್ನೂ ಕಂಡಾಗ ನೋವಾಗುತ್ತದೆ.

ಎರಡನೆಯ ದಾರಿ ತೋನೋ. ನನ್ನ ಮಟ್ಟಿಗೆ ಇದೇ ಮೇಲು. ನಾರಾದಿಂದ ಜೆಆರ್ ರೈಲಿನಲ್ಲಿ ಸುಮಾರು ಕಾಲು ಗಂಟೆ ಹೋದರೆ ಕಾಮೋ ನಿಲ್ದಾಣ. ಅಲ್ಲಿಂದ ಕಿಜುಗಾವಾ ನಗರದ ಸಮುದಾಯ ಬಸ್ಸು ಹೆಚ್ಚುಕಡಿಮೆ ಗಂಟೆಗೊಂದು ಇದೆ. ರೈಲಿನ ವೇಳೆ ನೋಡಿ ಬಸ್ಸು ಹೊಂದಿಸಬಾರದು, ಬಸ್ಸಿನ ವೇಳೆ ನೋಡಿ ರೈಲು ಹೊಂದಿಸಬೇಕು. ಮೊದಲು ಗಾನ್ಸೆನ್‌ಜಿಯಲ್ಲಿ ಇಳಿಯಿರಿ, ಅಲ್ಲಿಂದ ಜೋರುರಿಜಿಗೆ ನಡೆಯಿರಿ, ಎರಡೂ ದೇವಸ್ಥಾನಗಳೇ. ಹೀಗೆ ಬಂದರೆ ದಾರಿ ಹೆಚ್ಚಾಗಿ ಇಳಿಜಾರು, ತಿರುಗಿಸಿದರೆ ಏರು. ದೂರ ಎರಡು ಕಿಲೋಮೀಟರಿನ ಒಳಗೆ. ನಿಲ್ಲದೆ ನಡೆದರೆ ನಲವತ್ತು ನಿಮಿಷ ಸಾಕು, ಆದರೆ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಗಾನ್ಸೆನ್‌ಜಿಯಲ್ಲಿ 1442ರ ಮೂರಂತಸ್ತಿನ ಗೋಪುರ ಕಾಡಿನ ಹಸಿರಿಗೆ ಎದುರಾಗಿ ಕೆಂಪಗೆ ನಿಂತಿದೆ. ಒಳಗೆ 946ರ ಅಮಿದಾ, ಅಂದರೆ ಪಶ್ಚಿಮದ ಸುಖಾವತೀ ಲೋಕದ ಬುದ್ಧ ಅಮಿತಾಭ, ಮತ್ತು ಆನೆಯ ಮೇಲೆ ಕುಳಿತ ಬೋಧಿಸತ್ವ ಸಮಂತಭದ್ರ. ಅಂಗಳದ ಐದು ಹಂತದ ಕಲ್ಲುಸ್ತೂಪವನ್ನೂ ನೋಡಿ. ಚೌಕ, ಗೋಳ, ಮಾಡು, ಅರ್ಧಗೋಳ, ಮೊಗ್ಗು ಎಂದು ಕೆಳಗಿನಿಂದ ಮೇಲಕ್ಕೆ ಪೃಥ್ವಿ, ಅಪ್ಪು, ತೇಜಸ್ಸು, ವಾಯು, ಆಕಾಶ. ಜಪಾನಿನ ಇಂಥ ಎಷ್ಟೋ ಸ್ತೂಪಗಳ ಮೇಲೆ ಅ, ವ, ರ, ಹ, ಖ ಎಂಬ ಬೀಜಾಕ್ಷರಗಳನ್ನು ಸಿದ್ಧಂ ಲಿಪಿಯಲ್ಲಿ ಕೆತ್ತಿರುತ್ತಾರೆ. ನಮ್ಮ ಕನ್ನಡ ಲಿಪಿಯಂತೆ ಅದೂ ಬ್ರಾಹ್ಮಿಯ ಸಂತತಿ.

ಅಲ್ಲಿಂದ ಕಾಡುದಾರಿ. ಫೋನಿನ ನಕ್ಷೆ ಕೆಲವೊಮ್ಮೆ ಕಾರಿನ ರಸ್ತೆ ತೋರಿಸುತ್ತದೆ, ಹಾಗೆ ಹೋದರೆ ಈ ಕಾಡುದಾರಿಯ ಬಂಡೆಗಳಲ್ಲಿ ಕೆತ್ತಿದ ಬುದ್ಧರು ಕೈತಪ್ಪುತ್ತಾರೆ. ಜೋರುರಿಜಿಯ ಹೆಸರು ಜಪಾನಿ ಲಿಪಿಯಲ್ಲಿ ನಾಲ್ಕು ಅಕ್ಷರ. ಅದನ್ನು ಚಿತ್ರವಾಗಿ ಉಳಿಸಿಕೊಂಡು ದಾರಿಗಂಬಗಳ ಜೊತೆ ಹೋಲಿಸುತ್ತ ಹೋಗಿ. ಸ್ವಲ್ಪ ದೂರಕ್ಕೆ ‘ನಗುವ ಬುದ್ಧ’ ಸಿಗುತ್ತಾನೆ. 1299ರಲ್ಲಿ ಕೆತ್ತಿದ ಅಮಿದಾ, ಇಬ್ಬರು ಪರಿವಾರದವರೊಂದಿಗೆ. ನಾರಾದ ದೊಡ್ಡ ದೇವಸ್ಥಾನ ತೋದೈಜಿಯನ್ನು ಮರಳಿ ಕಟ್ಟಲು ಚೀನಾದಿಂದ ಬಂದ ಕಲ್ಲುಕುಟಿಗರ ಮನೆತನದವನ ಕೈಕೆಲಸ. ಮೇಲೆ ಚಪ್ಪಡಿಯೊಂದು ಸೂರಿನಂತೆ ಚಾಚಿರುವುದರಿಂದ ಮುಖ ಸವೆದಿಲ್ಲ, ತುಟಿಯಂಚಿನ ನಗು ಉಳಿದಿದೆ. ಬೆಳಕು ಓರೆಯಾಗಿ ಬಿದ್ದಾಗ ಅದು ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲೇ ಮಣ್ಣಲ್ಲಿ ಅರ್ಧ ಹೂತುಹೋದ ‘ಮಲಗಿದ ಬುದ್ಧ’ ಇದ್ದಾನೆ. ನಗುವವನನ್ನು ನೋಡಿ ಹಾಗೇ ಮುಂದೆ ಹೋಗುವವರೇ ಹೆಚ್ಚು, ಕಾಲಬುಡದ ಕಡೆ ಕಣ್ಣು ಹಾಯಿಸಿ.

ಹಳ್ಳಿಯ ಹತ್ತಿರ ದಾರಿಬದಿಯಲ್ಲಿ ಗಳು ಕಟ್ಟಿ, ಉಪ್ಪಿನಕಾಯಿ, ತರಕಾರಿ, ಹಣ್ಣುಗಳನ್ನು ಚೀಲಗಳಲ್ಲಿ ನೇತುಹಾಕಿರುತ್ತಾರೆ. ಮಾರುವವರಿಲ್ಲ, ಹಣ ಹಾಕಲು ಡಬ್ಬಿ ಇದೆ. ನೂರು ಯೆನ್ ನಾಣ್ಯಗಳು ಮುಖ್ಯವಾಗಿ ಇಲ್ಲಿಗೇ ಬೇಕು, ನೋಟಿದ್ದರೆ ಚಿಲ್ಲರೆ ಕೊಡುವವರು ಯಾರೂ ಇರುವುದಿಲ್ಲ.

ಜೋರುರಿಜಿಯಲ್ಲಿ ನಡುವೆ ಕೊಳ, ಪೂರ್ವಕ್ಕೆ ರೋಗ ಕಳೆಯುವ ಬುದ್ಧ ಭೈಷಜ್ಯಗುರುವಿನ ಗೋಪುರ, ಪಶ್ಚಿಮಕ್ಕೆ ಒಂಬತ್ತು ಅಮಿದಾ ಬುದ್ಧರು ಸಾಲಾಗಿ ಕುಳಿತ ಮಂದಿರ. ಒಂಬತ್ತು ಮೂರ್ತಿಗಳ ಸಮೇತ ಹೇಯಾನ್ ಕಾಲದಿಂದ (8ರಿಂದ 12ನೇ ಶತಮಾನ) ಉಳಿದುಬಂದ ಇಂಥ ಮಂದಿರ ಇದೊಂದೇ. ಗೋಪುರವನ್ನು 1178ರಲ್ಲಿ ಕ್ಯೋಟೋದಿಂದ ತಂದು ನಿಲ್ಲಿಸಿದರು. ಬಂದವರು ನೇರ ಮಂದಿರಕ್ಕೆ ನುಗ್ಗುತ್ತಾರೆ. ಕ್ರಮ ಹಾಗಲ್ಲ. ಮೊದಲು ಗೋಪುರದ ಮೆಟ್ಟಿಲು ಹತ್ತಿ ಭೈಷಜ್ಯಗುರುವಿಗೆ ಕೈಮುಗಿದು, ಅಲ್ಲೇ ತಿರುಗಿ ನಿಂತು, ಕೊಳದಾಚೆಯ ಅಮಿದಾನಿಗೆ ನಮಸ್ಕರಿಸಬೇಕು. ಪೂರ್ವ ಈ ಲೋಕ, ಪಶ್ಚಿಮ ಆ ಲೋಕ, ನಡುವೆ ನೀರು. ಹೀಗೆ ನಿಂತಾಗ ಮಾತ್ರ ತೋಟದ ವಿನ್ಯಾಸ ಅರ್ಥವಾಗುತ್ತದೆ. ಆಮೇಲೆ ಕೊಳವನ್ನು ಸುತ್ತಿ ಮಂದಿರದೊಳಗೆ ಹೋಗಿ. ಹಣ ಕೊಡಬೇಕಾದದ್ದು ಮಂದಿರಕ್ಕೆ ಮಾತ್ರ.

ಮಂದಿರದಲ್ಲಿ ಕಿಚಿಜೋತೆನ್ ಎಂಬ ದೇವಿಯ ಪೆಟ್ಟಿಗೆ ಇದೆ. ಅವಳು ನಮ್ಮ ಶ್ರೀಲಕ್ಷ್ಮಿಯೇ. 1212ರಲ್ಲಿ ಇಲ್ಲಿ ನೆಲೆಗೊಂಡ ಮರದ ಮೂರ್ತಿ, ಬಿಳಿ ಮುಖ, ಬಟ್ಟೆಯ ಬಣ್ಣಗಳು ಇನ್ನೂ ಮಾಸಿಲ್ಲ. ಪೆಟ್ಟಿಗೆ ತೆರೆಯುವುದು ಜನವರಿ 1ರಿಂದ 15, ಮಾರ್ಚ್ 21ರಿಂದ ಮೇ 20, ಅಕ್ಟೋಬರ್ 1ರಿಂದ ನವೆಂಬರ್ 30. ಅವಳನ್ನು ನೋಡಲೇಬೇಕೆಂದಿದ್ದರೆ ಮೇ ಮೊದಲ ವಾರದ ರಜೆ ಮುಗಿದ ಮೇಲಿನ ಹತ್ತು ದಿನ ಎಲ್ಲಕ್ಕಿಂತ ಒಳ್ಳೆಯದು. ಎಳೆಹಸಿರು ಬಂದಿರುತ್ತದೆ, ಜನ ವಾಪಸಾಗಿರುತ್ತಾರೆ, ಸೊಳ್ಳೆ ಇನ್ನೂ ಶುರುವಾಗಿರುವುದಿಲ್ಲ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಂದಿರ ಹತ್ತಕ್ಕೆ ತೆರೆದು ನಾಲ್ಕಕ್ಕೆ ಮುಚ್ಚುತ್ತದೆ, ಉಳಿದ ತಿಂಗಳುಗಳಲ್ಲಿ ಒಂಬತ್ತರಿಂದ ಐದು. ಕೊನೆಯ ಬಸ್ಸು ತಪ್ಪಿದರೆ ಟ್ಯಾಕ್ಸಿಯನ್ನು ಕರೆಸಿಕೊಂಡು ಕಾಯಬೇಕು. ಆದ್ದರಿಂದ ಬೆಳಿಗ್ಗೆ ಕಾಮೋದಲ್ಲಿ ಬಸ್ಸು ಹತ್ತುವ ಮೊದಲೇ ಜೋರುರಿಜಿಯಿಂದ ಮರಳುವ ಬಸ್ಸುಗಳ ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಕೊನೆಯದಕ್ಕಲ್ಲ, ಅದಕ್ಕೂ ಹಿಂದಿನದಕ್ಕೆ ಹೊರಡಿ.