ಉಷ್ಣವಲಯದ ದೇಶಕ್ಕೆ ಹೋಗಿ ನೆಲೆಸುವವರಿಗೆ: ಒಂದು ಒಣ ಡಬ್ಬ
ಸಾಮಾನು ಕಟ್ಟುವಾಗ ರಬ್ಬರ್ ವಾಷರ್ ಇರುವ, ಗಾಳಿಯಾಡದ 10 ಲೀಟರ್ ಪ್ಲಾಸ್ಟಿಕ್ ಡಬ್ಬ, 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ (ತೇವ ಹೀರುವ ಹರಳು) ಮತ್ತು ತೇವಾಂಶ ತೋರಿಸುವ ಪುಟ್ಟ ಮೀಟರ್ ಸೇರಿಸಿಕೊಳ್ಳಿ. ಪಾಸ್‌ಪೋರ್ಟ್, ಅಂಕಪಟ್ಟಿ, ಕ್ಯಾಮೆರಾ ಲೆನ್ಸ್ ಎಲ್ಲ ಅದರೊಳಗೇ ಇರಲಿ. ಬೂಷ್ಟು ಹಿಡಿಯುವುದು ಬರೀ ಸೆಕೆಗಲ್ಲ, ಗಾಳಿಯ ತೇವಕ್ಕೆ, ತೇವಾಂಶ ಶೇ. 65 ದಾಟಿ ಅಲ್ಲೇ ನಿಂತರೆ ಅದು ಕಾಗದ, ಚರ್ಮವಿರಲಿ, ಲೆನ್ಸಿನ ಗಾಜನ್ನೂ ಬಿಡುವುದಿಲ್ಲ. ಮೀಟರ್ 40–50ರ ನಡುವೆ ಇದ್ದರೆ ಸಾಕು. 30ಕ್ಕಿಂತ ಕೆಳಗಿಳಿದರೆ ಚರ್ಮದ ಸಾಮಾನು ಒಣಗಿ ಬಿರಿಯುತ್ತದೆ, ಜೆಲ್ ಸ್ವಲ್ಪ ತೆಗೆಯಿರಿ. ಕಿತ್ತಳೆ ಹರಳು ಕಡುಹಸಿರಾಯಿತೆಂದರೆ ಅದು ಇನ್ನು ನೀರು ಹೀರುವುದಿಲ್ಲ: ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓವನ್‌ನಲ್ಲಿ 110–120 ಡಿಗ್ರಿ ಸೆಲ್ಸಿಯಸ್‌ಗೆ ಎರಡು ಮೂರು ಗಂಟೆ ಇಟ್ಟರೆ ಬಣ್ಣ ಮರಳುತ್ತದೆ. ಮುಚ್ಚಿಟ್ಟೇ ಆರಿಸಿ, ಇಲ್ಲದಿದ್ದರೆ ಮತ್ತೆ ತೇವ ಎಳೆದುಕೊಳ್ಳುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅದು ವಿಷ, ಮಕ್ಕಳಿರುವ ಮನೆಗೆ ದಯವಿಟ್ಟು ಬೇಡ. ಪದೇ ಪದೇ ಮುಚ್ಚಳ ತೆಗೆದರೆ ಈ ಡಬ್ಬದಿಂದ ಉಪಯೋಗವಿಲ್ಲ, ದಿನಬಳಕೆಯದನ್ನು ಬೇರೆ ಇಡಿ. ಲೆನ್ಸ್ ಒಳಗೆ ಆಗಲೇ ಜೇಡರ ಬಲೆಯಂಥ ಬೂಷ್ಟಿನ ಎಳೆ ಕಂಡಿದ್ದರೆ ಅದು ಹಬ್ಬುವುದನ್ನು ಡಬ್ಬ ತಡೆದೀತು, ಅಳಿಸಲಾರದು. ಕ್ಲೀನ್ ಮಾಡಿಸುವವರೆಗೆ ಅದನ್ನು ಬೇರೆ ಲೆನ್ಸ್‌ಗಳ ಜೊತೆ ಇಡಬೇಡಿ.